ಕೈ ಜೋಮು, ಬೆರಳ ಚರ್ಮದ ಬದಲಾವಣೆ: ಕಾರ್ಪಲ್ ಟನಲ್ ತೊಂದರೆ ಹೌದೋ ಅಲ್ಲವೋ ತಿಳಿಯುವ ಬಗೆ

ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ, ನಾಲ್ಕು ಸಲ ಕೊಡವಿದರೆ ಬಿಡುತ್ತದೆ. ಜೊತೆಗೆ ಬೆರಳ ತುದಿ ಒಣಗಿ ಸಿಪ್ಪೆ ಏಳುತ್ತಿದೆ. ಎರಡೂ ಒಂದೇ ಕಾಯಿಲೆಯೇ? ತೋರಿಸಬೇಕಾದ್ದು ನರದ ಡಾಕ್ಟರಿಗೋ, ಚರ್ಮದ ಡಾಕ್ಟರಿಗೋ? ಓದುಗರು ಇದನ್ನು ಮತ್ತೆ ಮತ್ತೆ ಕೇಳುತ್ತಿರುವುದರಿಂದ ಒಂದೇ ಕಡೆ ವಿವರವಾಗಿ ಬರೆಯುತ್ತಿದ್ದೇವೆ.

ಮಣಿಕಟ್ಟಿನಲ್ಲಿ ನರ ಒತ್ತಿಹೋದಾಗ (ಇದೇ ಕಾರ್ಪಲ್ ಟನಲ್ ತೊಂದರೆ) ಜೋಮೂ ಬರಬಹುದು, ಚರ್ಮವೂ ಬದಲಾಗಬಹುದು. ಆದರೆ ಚರ್ಮ ಎದ್ದುಕಾಣುವಷ್ಟು ಬದಲಾಗುವುದು ಒತ್ತಡ ಬಹಳ ಕಾಲದಿಂದ ಇದ್ದಾಗ. ಜೋಮು ಹೊಸದಾಗಿ ಶುರುವಾದವರ ಕೈಯಲ್ಲಿ ಕಾಣುವ ಒಡಕು, ತುರಿಕೆ, ಕೆಂಪು ಹೆಚ್ಚಾಗಿ ಬೇರೆ ಕಾರಣದ್ದು. ಎರಡನ್ನೂ ಬಿಡಿಸಿ ನೋಡಲು ಮೊದಲಿಗೆ ಯಂತ್ರ ಬೇಡ. ಯಾವ ಬೆರಳು, ಎಲ್ಲೆ ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿದರೆ ಅರ್ಧ ಕೆಲಸ ಆಯಿತು.

ಎರಡು ಸಂದರ್ಭಗಳಲ್ಲಿ ಈ ಲೇಖನ ಓದುತ್ತಾ ಕೂರಬೇಡಿ. ಒಂದು, ಜೋಮು ಇದ್ದಕ್ಕಿದ್ದಂತೆ ಬಂದು ಬಾಯಿ ಸೊಟ್ಟಗಾಗಿದ್ದರೆ, ಮಾತು ತೊದಲುತ್ತಿದ್ದರೆ, ಕೈ ಅಥವಾ ಕಾಲು ಸೋತಿದ್ದರೆ ಅದು ಪಾರ್ಶ್ವವಾಯು ಇರಬಹುದು. 108ಕ್ಕೆ ಕರೆ ಮಾಡಿ. ಇನ್ನೊಂದು, ಬಿದ್ದು ಮಣಿಕಟ್ಟು ಮುರಿದ ಅಥವಾ ಜಜ್ಜಿದ ಮೇಲೆ ಗಂಟೆಗಂಟೆಗೆ ಜೋಮು, ನೋವು ಏರುತ್ತಿದ್ದರೆ ಅದೇ ದಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಒಳಗಿನ ಊತದಿಂದ ನರಕ್ಕೆ ಶಾಶ್ವತ ಹಾನಿಯಾಗಬಹುದು, ಬೆಳಗಾಗಲಿ ಎಂದು ಕಾಯುವ ವಿಷಯ ಅಲ್ಲ.

ಮಣಿಕಟ್ಟಿನೊಳಗೆ ಏನಿದೆ

ಮಣಿಕಟ್ಟಿನಲ್ಲಿ 8 ಪುಟ್ಟ ಎಲುಬುಗಳು ಕಮಾನಿನಂತೆ ಜೋಡಿಸಿಕೊಂಡಿವೆ. ಅದರ ಮೇಲೆ, ಅಂಗೈ ಕಡೆಯಿಂದ, ಗಟ್ಟಿಯಾದ ಪಟ್ಟಿಯೊಂದು ಅಡ್ಡಲಾಗಿ ಬಿಗಿದಿದೆ. ನಡುವಿನ ಕಿರಿದಾದ ದಾರಿಯೇ ಕಾರ್ಪಲ್ ಟನಲ್. ಬೆರಳನ್ನು ಮಡಿಸುವ 9 ಟೆಂಡನ್‌ಗಳು (ಸ್ನಾಯುವಿನ ಎಳೆತವನ್ನು ಎಲುಬಿಗೆ ಮುಟ್ಟಿಸುವ ಹುರಿಗಳು) ಮತ್ತು ಮೀಡಿಯನ್ ಎಂಬ ಒಂದು ನರ ಇದರೊಳಗಿಂದ ಹಾದುಹೋಗುತ್ತವೆ. ಟೆಂಡನ್‌ಗಳ ಹೊದಿಕೆ ದಪ್ಪಗಾದರೂ, ಮೈಯಲ್ಲಿ ನೀರು ತುಂಬಿದರೂ, ಮಣಿಕಟ್ಟು ಗಂಟೆಗಟ್ಟಲೆ ಮಡಚಿಕೊಂಡಿದ್ದರೂ ಒಳಗಿನ ಒತ್ತಡ ಏರುತ್ತದೆ. ಎಲುಬೂ ಪಟ್ಟಿಯೂ ಜಗ್ಗುವುದಿಲ್ಲ, ನರ ಒತ್ತಿಹೋಗುತ್ತದೆ.

ಈ ನರ ಮೂರು ಕೆಲಸ ಮಾಡುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧಕ್ಕೆ ಸ್ಪರ್ಶ ಕೊಡುತ್ತದೆ. ಹೆಬ್ಬೆರಳ ಬುಡದ ಉಬ್ಬಿನ ಸ್ನಾಯುಗಳನ್ನು ಆಡಿಸುತ್ತದೆ. ಅದೇ ಬೆರಳುಗಳ ಬೆವರು ಗ್ರಂಥಿಗಳಿಗೂ ಸಣ್ಣ ರಕ್ತನಾಳಗಳಿಗೂ ಸೂಚನೆ ಒಯ್ಯುತ್ತದೆ. ಚರ್ಮ ಬದಲಾಗುವುದು ಈ ಮೂರನೆಯದು ಕುಂದಿದಾಗ.

ಅಂಗೈಯಲ್ಲಿ ಹೆಬ್ಬೆರಳ ಬುಡದ ಉಬ್ಬಿನ ಮೇಲಿನ ಚರ್ಮಕ್ಕೆ ಹೋಗುವ ಕವಲು ಮಣಿಕಟ್ಟಿಗಿಂತ ಮೊದಲೇ ಒಡೆದು, ಟನಲ್‌ನ ಹೊರಗಿನಿಂದ ಸಾಗುತ್ತದೆ. ಆದ್ದರಿಂದ ಈ ಕಾಯಿಲೆಯಲ್ಲಿ ಬೆರಳು ಮರಗಟ್ಟಿದರೂ ಆ ಉಬ್ಬಿನ ಚರ್ಮಕ್ಕೆ ಸ್ಪರ್ಶ ತಿಳಿಯುತ್ತದೆ. ಅಲ್ಲೂ ಸ್ಪರ್ಶ ತಿಳಿಯದಿದ್ದರೆ ನರ ಒತ್ತಿರುವುದು ಇನ್ನೂ ಮೇಲೆಲ್ಲೋ, ಮುಂಗೈಯಲ್ಲೋ ಕುತ್ತಿಗೆಯಲ್ಲೋ ಇರಬಹುದು.

1. ಕೈಯ ನಕ್ಷೆ ಬರೆಯಿರಿ

ಎರಡು ಬಿಳಿ ಹಾಳೆ, ನೀಲಿ ಮತ್ತು ಕೆಂಪು ಪೆನ್ನು ಸಾಕು. ಎರಡೂ ಕೈಗಳನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಒಂದು ವಾರ, ಜೋಮು ಬಂದ ಜಾಗಕ್ಕೆ ನೀಲಿ, ಚರ್ಮ ಬದಲಾದ ಜಾಗಕ್ಕೆ ಕೆಂಪು ಹಚ್ಚಿ. ಪಕ್ಕದಲ್ಲಿ ಹೊತ್ತು ಬರೆಯಿರಿ: ನಿದ್ದೆಯಲ್ಲೋ, ಗಾಡಿ ಓಡಿಸುವಾಗಲೋ, ಫೋನ್ ಹಿಡಿದಾಗಲೋ, ತರಕಾರಿ ಹೆಚ್ಚುವಾಗಲೋ.

ಹೆಚ್ಚಿನವರು "ಇಡೀ ಕೈ ಜೋಮು" ಎನ್ನುತ್ತಾರೆ. ನಿದ್ದೆಗಣ್ಣಲ್ಲಿ ಹಾಗೆಯೇ ಅನಿಸುತ್ತದೆ. ಮುಂದಿನ ಸಲ ಎಚ್ಚರವಾದಾಗ ಕೊಡವುವ ಮೊದಲು ಇನ್ನೊಂದು ಕೈಯಿಂದ ಕಿರುಬೆರಳನ್ನು ಮೆಲ್ಲಗೆ ಸವರಿ ನೋಡಿ. ಅದು ಚೆನ್ನಾಗಿದ್ದು ಉಳಿದವು ಜೋಮಾಗಿದ್ದರೆ ಮೀಡಿಯನ್ ನರದ ಮೇಲೆ ಅನುಮಾನ ಬಲವಾಗುತ್ತದೆ. ಕಿರುಬೆರಳು, ಉಂಗುರ ಬೆರಳು ಮಾತ್ರ ಜೋಮಾಗಿದ್ದರೆ ಅದು ಮೊಣಕೈ ಹಿಂದೆ ಹಾಯುವ ಅಲ್ನಾರ್ ನರದ ತೊಂದರೆ ಇರಬಹುದು. ಎರಡೂ ಪಾದಗಳಲ್ಲಿ ಮೊದಲು ಶುರುವಾಗಿ ಆಮೇಲೆ ಎರಡೂ ಕೈಗೆ ಬಂದಿದ್ದರೆ ಸಕ್ಕರೆ ಕಾಯಿಲೆ ಅಥವಾ ಬಿ12 ಕೊರತೆಯ ಕಡೆ ನೋಡಬೇಕು. ಕತ್ತು ತಿರುಗಿಸಿದಾಗ ಭುಜದಿಂದ ಬೆರಳವರೆಗೆ ನೋವು ಚಿಮ್ಮಿದರೆ ಕುತ್ತಿಗೆಯ ನರದ ಕಡೆ.

ಈ ಹಾಳೆಯನ್ನು ಹಾಗೇ ಡಾಕ್ಟರ ಮುಂದೆ ಇಡಿ. ಗಿಜಿಗುಡುವ ಹೊರರೋಗಿ ವಿಭಾಗದಲ್ಲಿ ಸಿಗುವ ಐದು ನಿಮಿಷದಲ್ಲಿ ಬಾಯಲ್ಲಿ ಹೇಳಿದ್ದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

2. ಮನೆಯಲ್ಲೇ ನಾಲ್ಕು ಪರೀಕ್ಷೆ

ಮಣಿಕಟ್ಟು ಮಡಚುವುದು: ಎರಡೂ ಕೈಗಳ ಹಿಂಭಾಗಗಳನ್ನು ಒಂದಕ್ಕೊಂದು ತಾಗಿಸಿ, ಬೆರಳು ನೆಲದ ಕಡೆ ಇರುವಂತೆ ಮಣಿಕಟ್ಟನ್ನು ಮಡಚಿ 60 ಸೆಕೆಂಡು ಹಿಡಿಯಿರಿ. ಜೋಮು ಬಂದರೆ ಅಲ್ಲಿಗೇ ಬಿಡಿ. ಇಲ್ಲಿ ಆಗುವ ತಪ್ಪೆಂದರೆ ಮೊಣಕೈಯನ್ನು ಪೂರ್ತಿ ಮಡಚಿಬಿಡುವುದು. ಆಗ ಅಲ್ನಾರ್ ನರ ಎಳೆದು ಕಿರುಬೆರಳು ಜೋಮಾಗುತ್ತದೆ, ಫಲಿತಾಂಶ ಕಲಸಿಹೋಗುತ್ತದೆ.

ಒತ್ತುವುದು: ಮಣಿಕಟ್ಟಿನ ಗೆರೆಯ ಪಕ್ಕದಲ್ಲೇ, ಅಂಗೈಯ ಬುಡದ ನಡುವೆ, ಇನ್ನೊಂದು ಹೆಬ್ಬೆರಳಿಂದ ಹದವಾಗಿ 30 ಸೆಕೆಂಡು ಒತ್ತಿ. ಜೋಮು ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಹರಿದರೆ ಗುರುತು ಮಾಡಿಕೊಳ್ಳಿ.

ಉಂಗುರ ಬೆರಳಿನ ಎರಡು ಬದಿ: ಹತ್ತಿಯ ಎಳೆಯಿಂದ ಆ ಬೆರಳಿನ ಎರಡೂ ಬದಿ ಸವರಿ. ನಡುಬೆರಳ ಕಡೆಯ ಬದಿ ಮಂಕಾಗಿದ್ದು ಕಿರುಬೆರಳ ಕಡೆಯದು ಚುರುಕಾಗಿದ್ದರೆ ಅದಕ್ಕೆ ಬಹಳ ಬೆಲೆ ಇದೆ. ಕುತ್ತಿಗೆಯ ತೊಂದರೆ ಸಾಮಾನ್ಯವಾಗಿ ಒಂದೇ ಬೆರಳನ್ನು ಹೀಗೆ ಸೀಳುವುದಿಲ್ಲ.

ಹೆಬ್ಬೆರಳ ಬಲ: ಅಂಗೈ ಮೇಲೆ ಮಾಡಿ ಮೇಜಿನ ಮೇಲಿಡಿ. ಹೆಬ್ಬೆರಳನ್ನು ನೇರ ಸೂರಿನ ಕಡೆ ಎತ್ತಿ, ಇನ್ನೊಂದು ಕೈಯಿಂದ ಕೆಳಗೆ ಒತ್ತಿ. ಸುಲಭವಾಗಿ ಸೋತರೆ, ಅಥವಾ ಬುಡದ ಉಬ್ಬು ಇನ್ನೊಂದು ಕೈಗಿಂತ ಚಪ್ಪಟೆಯಾಗಿದ್ದರೆ, ನರ ಬಹಳ ಸೋತಿದೆ ಎಂದರ್ಥ. ಆಗ ಕೆಳಗೆ 5ನೇ ಭಾಗದಲ್ಲಿ ಹೇಳುವ ಸ್ಪ್ಲಿಂಟ್ (ಮಣಿಕಟ್ಟಿಗೆ ಕಟ್ಟುವ ಪಟ್ಟಿ) ಪ್ರಯೋಗಕ್ಕೆ ವಾರಗಳನ್ನು ಕಳೆಯದೆ ನೇರವಾಗಿ ತಜ್ಞರ ಬಳಿ ಹೋಗಿ.

ಸೂಜಿ ಚುಚ್ಚಿ ನೋಡಬೇಡಿ, ಬಿಸಿ ಚಮಚ ಮುಟ್ಟಿಸಿ ನೋಡಬೇಡಿ. ಮೊದಲೆರಡು ಪರೀಕ್ಷೆಯಲ್ಲಿ ಏನೂ ಆಗಲಿಲ್ಲವೆಂದರೆ ಕಾಯಿಲೆ ಇಲ್ಲ ಎಂದೂ ಅಲ್ಲ. ರಾತ್ರಿಯ ಜೋಮು ಮತ್ತು ಕೊಡವಿದರೆ ಬಿಡುವುದು ಅವುಗಳಷ್ಟೇ ಮುಖ್ಯವಾದ ಸಾಕ್ಷಿ.

3. ಚರ್ಮವನ್ನು ಓದುವುದು

ನೀಲಿ, ಕೆಂಪು ಗುರುತುಗಳು ಒಂದರ ಮೇಲೊಂದು ಕೂತಿವೆಯೇ ನೋಡಿ. ನರದಿಂದಾದ ಬದಲಾವಣೆ ನರದ ಎಲ್ಲೆಯೊಳಗೇ ಇರುತ್ತದೆ. ಕಿರುಬೆರಳಿಗೂ ಕೈಯ ಹಿಂಭಾಗಕ್ಕೂ ಹರಡಿದ ಒಡಕು ಮೀಡಿಯನ್ ನರದ್ದಲ್ಲ.

ನರದ ಕಡೆ ಬೊಟ್ಟು ಮಾಡುವ ಲಕ್ಷಣ ಮೊದಲನೆಯದಾಗಿ ಬೆವರಿಲ್ಲದ ಒಣಗು. ಬಿಸಿಲಲ್ಲಿ ನಡೆದು ಬಂದಾಗ ಕಿರುಬೆರಳ ತುದಿ ತೇವವಾಗಿದ್ದು ತೋರುಬೆರಳು, ನಡುಬೆರಳು ಒಣಗಿ ನುಣುಪಾಗಿರುತ್ತವೆ. ಪ್ಲಾಸ್ಟಿಕ್ ಪೆನ್ನಿನ ಮೇಲೆ ಬೆರಳು ಎಳೆದರೆ ಒದ್ದೆ ಚರ್ಮ ತಡೆದು ತಡೆದು ಸಾಗುತ್ತದೆ, ಬೆವರಿಲ್ಲದ್ದು ಜಾರುತ್ತದೆ. ತುರಿಕೆ ಇರುವುದಿಲ್ಲ. ಎರಡನೆಯದು, ಯಾವಾಗ ಆಯಿತೆಂದೇ ಗೊತ್ತಾಗದ ಬೊಬ್ಬೆ, ಸುಟ್ಟ ಗುರುತು, ಕೊಯ್ದ ಗಾಯ. ಕಾವಲಿಯೋ ಕುಕ್ಕರ್ ಮುಚ್ಚಳವೋ ತಾಗಿದ್ದು ತಿಳಿದೇ ಇರುವುದಿಲ್ಲ. ವರ್ಷಗಟ್ಟಲೆ ಹಾಗೇ ಬಿಟ್ಟವರಲ್ಲಿ, ಅಪರೂಪವಾಗಿ, ಬೆರಳ ತುದಿಯಲ್ಲಿ ಮಾಯದ ಹುಣ್ಣು, ಉಗುರಿನ ವಿಕಾರವೂ ಕಾಣುತ್ತವೆ. ಇದು ತಡಮಾಡದೆ ತೋರಿಸಬೇಕಾದ ಹಂತ.

ಬೆರಳು ಊದಿದಂತೆ ಅನಿಸುವುದು ಈ ಕಾಯಿಲೆಯಲ್ಲಿ ತೀರಾ ಸಾಮಾನ್ಯ, ನೋಡಿದರೆ ಊತ ಇರುವುದಿಲ್ಲ. ಉಂಗುರವೇ ಬಿಗಿಯಾಗಿದ್ದರೆ ಮಾತ್ರ ಅದು ನಿಜವಾದ ಊತ. ಬಸುರಿಯರಲ್ಲಿ, ಥೈರಾಯ್ಡ್ ಕಡಿಮೆಯಿದ್ದವರಲ್ಲಿ, ಸಂಧಿವಾತದಲ್ಲಿ ಹಾಗಾಗುತ್ತದೆ.

ಇನ್ನು ನರದ್ದಲ್ಲದಿದ್ದರೂ ನರದ್ದೇ ಎಂದು ಮೋಸ ಮಾಡುವವು. ಇವುಗಳಲ್ಲಿ ಅಡುಗೆಮನೆಯ ಬೆಳ್ಳುಳ್ಳಿಗೆ ಮೊದಲ ಸ್ಥಾನ. ಬೆಳ್ಳುಳ್ಳಿಯ ಅಲರ್ಜಿ ಬರುವುದು ಎಸಳನ್ನು ಹಿಡಿಯುವ ಕೈಗೆ, ಅಂದರೆ ಬಲಗೈಯವರ ಎಡಗೈಗೆ, ಅದರಲ್ಲೂ ಹೆಬ್ಬೆರಳು, ತೋರುಬೆರಳು, ನಡುಬೆರಳ ತುದಿಗೆ. ಮೀಡಿಯನ್ ನರದ್ದೂ ಅದೇ ಮೂರು ಬೆರಳು! ಆದರೆ ಇಲ್ಲಿ ಚರ್ಮ ದಪ್ಪಗಾಗಿ ಸೀಳುತ್ತದೆ, ಉರಿಯುತ್ತದೆ. ಹತ್ತಿ ಸವರಿದರೆ ಸ್ಪರ್ಶ ಚೆನ್ನಾಗಿಯೇ ತಿಳಿಯುತ್ತದೆ. ಕೆಲವು ವಾರ ಬೆಳ್ಳುಳ್ಳಿ ಮುಟ್ಟದೆ ನೋಡಿದರೆ ಗೊತ್ತಾಗುತ್ತದೆ. ಪಾತ್ರೆ ಸೋಪು, ಬಟ್ಟೆ ಪುಡಿ, ಸಿಮೆಂಟಿನ ಇಸುಬು ಬೆರಳ ಸಂದಿಗೆ, ಕೈಯ ಹಿಂಭಾಗಕ್ಕೆ, ಎಲ್ಲ ಬೆರಳಿಗೂ ಹರಡಿ ತುರಿಸುತ್ತದೆ.

ಚಳಿಗೆ ಬೆರಳು ಬೆಳ್ಳಗಾಗಿ, ನೀಲಿಗಟ್ಟಿ, ಬೆಚ್ಚಗಾದಾಗ ಕೆಂಪಾಗುವುದಕ್ಕೆ ರೇನೋ ತೊಂದರೆ ಎನ್ನುತ್ತಾರೆ, ಎಂದರೆ ಸಣ್ಣ ರಕ್ತನಾಳಗಳು ಅತಿಯಾಗಿ ಸಂಕುಚಿಸುವುದು. ಬೆಂಗಳೂರಿನ ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ಗಾಡಿ ಓಡಿಸುವವರಿಗೆ ಮೊದಲ ಬಾರಿ ಕಣ್ಣಿಗೆ ಬೀಳುವುದುಂಟು. ಇದು ಕಾರ್ಪಲ್ ಟನಲ್ ಜೊತೆಗೂ ಇರಬಹುದು. ಆದರೆ ಚರ್ಮ ಬಿಗಿದುಕೊಂಡು ಬೆರಳು ಮಡಿಸಲು ಕಷ್ಟವಾಗುತ್ತಿದ್ದರೆ ಸಂಧಿವಾತ ತಜ್ಞರಿಗೆ ತೋರಿಸಿ.

ಕೈ ಮೇಲೋ ಮೈಯಲ್ಲೆಲ್ಲೋ ಸುತ್ತಲಿನ ಚರ್ಮಕ್ಕಿಂತ ತಿಳಿಯಾದ ಅಥವಾ ಕೆಂಪಾದ ಮಚ್ಚೆಯಿದ್ದು, ಅಲ್ಲಿ ಸ್ಪರ್ಶ ತಿಳಿಯದಿದ್ದರೆ, ಅದರಲ್ಲೂ ಕಿರುಬೆರಳ ಕಡೆ ಜೋಮಿದ್ದರೆ, ಕುಷ್ಠರೋಗದ ಪರೀಕ್ಷೆ ಆಗಲೇಬೇಕು. ಹೆಸರು ಕೇಳಿ ಹೆದರಿ ಮುಚ್ಚಿಡುವುದರಿಂದಲೇ ಕೈ ಹಾಳಾಗುವುದು. ಎಂಡಿಟಿ ಎಂಬ ಔಷಧ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ, 6 ಅಥವಾ 12 ತಿಂಗಳ ಚಿಕಿತ್ಸೆಯಲ್ಲಿ ರೋಗ ವಾಸಿಯಾಗುತ್ತದೆ. ಕಳೆದುಹೋದ ಸ್ಪರ್ಶ ಮಾತ್ರ ಎಲ್ಲರಿಗೂ ಮರಳುವುದಿಲ್ಲ, ಅದಕ್ಕೇ ಬೇಗ ಹೋಗಬೇಕು.

ನ್ಯಾಯಬೆಲೆ ಅಂಗಡಿಯಲ್ಲಿ "ಹೆಬ್ಬೆಟ್ಟು ತಗೊಳ್ತಿಲ್ಲ" ಎಂಬುದೊಂದನ್ನೇ ನರದ ಲಕ್ಷಣ ಎಂದುಕೊಳ್ಳಬೇಡಿ. ಗಾರೆ ಕೆಲಸ, ಪಾತ್ರೆ ಕೆಲಸ ಮಾಡುವವರ ಬೆರಳ ಗೆರೆಗಳು ಸವೆದಿರುತ್ತವೆ, ಒಣ ಚರ್ಮವನ್ನೂ ಯಂತ್ರ ಸರಿಯಾಗಿ ಓದುವುದಿಲ್ಲ.

4. ಸ್ಪರ್ಶ ಕುಂದಿದ ಬೆರಳನ್ನು ಕಾಪಾಡಿಕೊಳ್ಳಿ

ಚಿಕಿತ್ಸೆ ಯಾವುದೇ ಇರಲಿ, ಇದು ಇಂದಿನಿಂದಲೇ ಶುರುವಾಗಲಿ. ನೀರಿನ ಬಿಸಿಯನ್ನು ಸ್ಪರ್ಶ ಚೆನ್ನಾಗಿರುವ ಕೈಯಿಂದಲೋ ಮೊಣಕೈಯಿಂದಲೋ ನೋಡಿ. ಪಾತ್ರೆ ಇಳಿಸಲು ಮಸಿಬಟ್ಟೆ ಬಿಟ್ಟು ಇಕ್ಕಳ ಬಳಸಿ. ಬಟ್ಟೆ ಜಾರಿದ್ದು, ಸೆರಗು ಸುಟ್ಟದ್ದು ಜೋಮಿದ್ದ ಕೈಗೆ ತಿಳಿಯುವುದಿಲ್ಲ. ಸೀರೆಯ ಸೆರಗಿನಿಂದ ಪಾತ್ರೆ ಹಿಡಿಯುವುದಂತೂ ಬೇಡವೇ ಬೇಡ. ಕೈ ತೊಳೆದು ಒರೆಸಿದ ಕೂಡಲೇ, ತೇವ ಆರುವ ಮೊದಲು, ವ್ಯಾಸಲೀನ್ ಥರದ ಪೆಟ್ರೋಲಿಯಂ ಜೆಲ್ಲಿ ಅಥವಾ ಕೊಬ್ಬರಿ ಎಣ್ಣೆ ತೆಳ್ಳಗೆ ಹಚ್ಚಿ. ಪಾತ್ರೆ ತೊಳೆಯುವಾಗ ರಬ್ಬರ್ ಗ್ಲೌಸ್, ಅದರೊಳಗೆ ಹತ್ತಿಯದು. ದಿನಾ ಸಂಜೆ ಬೆಳಕಲ್ಲಿ ಬೆರಳ ತುದಿಗಳನ್ನು ಕಣ್ಣಿನಿಂದ ನೋಡಿ.

ಉಪ್ಪಿನ ಗಂಟು ಬಿಸಿಮಾಡಿ ಶಾಖ ಕೊಡುವುದು, ಬಿಸಿ ಎಣ್ಣೆ ನೀವುವುದು, ಹೀಟಿಂಗ್ ಪ್ಯಾಡ್ ಇಟ್ಟು ಮಲಗುವುದು ನಮ್ಮ ಮನೆಗಳ ಮೊದಲ ಮದ್ದು. ಜೋಮಿರುವ ಬೆರಳಿಗೆ ಇದರಿಂದ ಸುಟ್ಟ ಗಾಯವಾಗುತ್ತದೆ. ಮಣಿಕಟ್ಟಿಗೆ ಬಿಗಿಯಾದ ನಾಟಿ ಕಟ್ಟು ಹಾಕಿಸುವುದೂ ಬೇಡ. ಒಳಗಿನ ಒತ್ತಡವೇ ಕಾಯಿಲೆ ಆಗಿರುವಾಗ ಹೊರಗಿನಿಂದಲೂ ಬಿಗಿದಂತಾಗುತ್ತದೆ.

5. ರಾತ್ರಿಯ ಸ್ಪ್ಲಿಂಟ್

ಸ್ಪ್ಲಿಂಟ್ ಎಂದರೆ ಮಣಿಕಟ್ಟು ಮಡಚದಂತೆ ಹಿಡಿಯುವ ಪಟ್ಟಿ. ಸೌಮ್ಯ ಹಂತದಲ್ಲಿ ಇದೇ ಮೊದಲ ಚಿಕಿತ್ಸೆ, ಆದರೆ ಹೆಚ್ಚಿನವರು ತಪ್ಪಾಗಿ ಬಳಸಿ "ಉಪಯೋಗ ಇಲ್ಲ" ಎಂದು ಬಿಟ್ಟುಬಿಡುತ್ತಾರೆ.

ಮೆಡಿಕಲ್ ಶಾಪಿನಲ್ಲಿ ಸಿಗುವ ಹಲವು ಸ್ಪ್ಲಿಂಟ್‌ಗಳ ಒಳಗಿನ ಲೋಹದ ಪಟ್ಟಿ ಕೈಯನ್ನು ಹಿಂದಕ್ಕೆ ಬಾಗಿಸುವಂತೆ ಬಗ್ಗಿರುತ್ತದೆ. ಟನಲ್ ಒಳಗಿನ ಒತ್ತಡ ತೀರಾ ಕಡಿಮೆ ಇರುವುದು ಮಣಿಕಟ್ಟು ನೆಟ್ಟಗಿರುವಾಗ. ಆ ಪಟ್ಟಿಯನ್ನು ಹೊರಗೆಳೆದು ಮೇಜಿನ ಅಂಚಿಗೆ ಒತ್ತಿ ಚಪ್ಪಟೆ ಮಾಡಿ ಮತ್ತೆ ತೂರಿಸಿ. ತೊಟ್ಟ ಮೇಲೆ ಮುಂಗೈ ಮತ್ತು ಕೈಯ ಹಿಂಭಾಗ ಒಂದೇ ಗೆರೆಯಲ್ಲಿರಬೇಕು. ಮುಂದಿನ ಅಂಚು ಅಂಗೈಯ ಅಡ್ಡ ಗೆರೆಗಿಂತ ಹಿಂದೆ ನಿಲ್ಲಬೇಕು, ಮುಷ್ಟಿ ಹಿಡಿಯಲು ಬರಬೇಕು. ಪಟ್ಟಿಯ ಕೆಳಗೆ ಒಂದು ಬೆರಳು ತೂರುವಷ್ಟು ಸಡಿಲವಿರಲಿ.

ಪ್ರತಿ ರಾತ್ರಿ, ಕನಿಷ್ಠ 6 ವಾರ. ನಾಲ್ಕು ದಿನ ಹಾಕಿ ತೀರ್ಮಾನ ಮಾಡಬೇಡಿ. ಹಗಲು ಕಟ್ಟಿಕೊಂಡು ಭಾರದ ಕೆಲಸ ಮಾಡಿದರೆ ಸ್ಪ್ಲಿಂಟ್‌ಗೆ ಎದುರಾಗಿ ಕೈ ಇನ್ನಷ್ಟು ಬಲ ಹಾಕುತ್ತದೆ. ಕ್ರೇಪ್ ಬ್ಯಾಂಡೇಜ್ ಇದಕ್ಕೆ ಬದಲಿ ಅಲ್ಲ. ಏಪ್ರಿಲ್, ಮೇ ಸೆಕೆಗೆ ಪಟ್ಟಿಯಡಿ ಬೆವರುಗುಳ್ಳೆ ಏಳುತ್ತದೆ. ಹಳೆಯ ಹತ್ತಿ ಕಾಲುಚೀಲದ ತುದಿ ಕತ್ತರಿಸಿ ಒಳಗೆ ತೊಡಿ, ಸ್ಪ್ಲಿಂಟ್ ಬಟ್ಟೆಯನ್ನು ವಾರಕ್ಕೊಮ್ಮೆ ಒಗೆಯಿರಿ.

6. ಹಿಂದಿರುವ ಕಾರಣ ಹುಡುಕಿ

ರಕ್ತದ ಸಕ್ಕರೆ (ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಸಹಿತ), ಥೈರಾಯ್ಡ್‌ಗೆ ಟಿಎಸ್‌ಎಚ್, ಬಿ12: ಈ ರಕ್ತ ಪರೀಕ್ಷೆಗಳನ್ನು ಮಾಡಿಸಿ. ಸಸ್ಯಾಹಾರಿಗಳು ಬಿ12 ಪರೀಕ್ಷೆ ಬಿಡಬಾರದು. ಸಕ್ಕರೆಯ ಮೊದಲ ತಪಾಸಣೆಗೆ ವಾರ್ಡಿನ ಸರ್ಕಾರಿ "ನಮ್ಮ ಕ್ಲಿನಿಕ್" ಸಾಕು. ಮುಂದಿನದಕ್ಕೆ ಬೆಂಗಳೂರಿನಲ್ಲಿ ಮಲ್ಲೇಶ್ವರದ ಕೆ.ಸಿ. ಜನರಲ್, ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಿವೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವರಿಗೆ ಇಎಸ್‌ಐ ಕಾರ್ಡ್ ಇದ್ದರೆ ಇಎಸ್‌ಐ ಚಿಕಿತ್ಸಾಲಯದಿಂದ ರಾಜಾಜಿನಗರದ ಆಸ್ಪತ್ರೆಗೆ ಬರೆಸಿಕೊಳ್ಳಬಹುದು. ಬಸುರಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ಬರುವ ಜೋಮು ಹೆಚ್ಚಿನವರಿಗೆ ಹೆರಿಗೆಯ ನಂತರ ತಗ್ಗುತ್ತದೆ, ಅಲ್ಲಿಯವರೆಗೆ ಸ್ಪ್ಲಿಂಟ್ ಸಾಕು.

ಕೆಲಸದ ವಿಷಯಕ್ಕೆ ಬಂದರೆ, ಕೀಬೋರ್ಡನ್ನೇ ದೂರುವುದು ರೂಢಿ. ಅದಕ್ಕಿಂತ ಬಲವಾದ ಸಂಬಂಧ ಇರುವುದು ಬಿಗಿಯಾಗಿ ಹಿಡಿದು ಮತ್ತೆ ಮತ್ತೆ ಮಾಡುವ ಕೆಲಸಕ್ಕೆ ಮತ್ತು ಅದುರುವ ಯಂತ್ರಕ್ಕೆ: ಕತ್ತರಿ ಹಾಕುವುದು, ಡ್ರಿಲ್ ಹಿಡಿಯುವುದು, ಗ್ರೈಂಡಿಂಗ್. ಅಂಥ ಕಡೆ ಹಿಡಿಗೆ ರಬ್ಬರ್ ಸುತ್ತುವುದು, ಕೈ ಬದಲಿಸುವುದು, ನಡುನಡುವೆ ಬಿಡುವು ಪಡೆಯುವುದು ಪ್ರಯೋಜನಕ್ಕೆ ಬರುತ್ತದೆ.

"ನರದ ಮಾತ್ರೆ" ಎಂದು ಅಂಗಡಿಯಲ್ಲಿ ಕೇಳಿ ತಿಂಗಳುಗಟ್ಟಲೆ ನುಂಗಬೇಡಿ. ಬಿ12 ಕೊರತೆ ಇದ್ದವರಿಗೆ ಬಿ12 ಬೇಕು. ಆದರೆ ಬಿ6 ಈ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಹೆಚ್ಚಿನ ಪ್ರಮಾಣದಲ್ಲಿ ದೀರ್ಘಕಾಲ ತಿಂದರೆ ಬಿ6 ತಾನೇ ನರಗಳಿಗೆ ಹಾನಿ ಮಾಡಿ ಜೋಮು ತರುತ್ತದೆ. ನೋವಿನ ಮಾತ್ರೆಗೂ ಟನಲ್ ಒಳಗಿನ ಒತ್ತಡ ಇಳಿಸುವ ಶಕ್ತಿ ಇಲ್ಲ.

7. ನರದ ಪರೀಕ್ಷೆ

ಸ್ಪ್ಲಿಂಟ್‌ಗೆ ಬಗ್ಗದಿದ್ದರೆ, ಹಗಲೂ ಜೋಮು ಇದ್ದರೆ, ಹೆಬ್ಬೆರಳು ಸೋತಿದ್ದರೆ ಡಾಕ್ಟರು ಎನ್‌ಸಿಎಸ್ ಬರೆಯುತ್ತಾರೆ. ಚರ್ಮದ ಮೇಲಿನಿಂದ ಪುಟ್ಟ ವಿದ್ಯುತ್ ಮಿಡಿತ ಕೊಟ್ಟು ನರದಲ್ಲಿ ಸೂಚನೆ ಎಷ್ಟು ವೇಗವಾಗಿ ಸಾಗುತ್ತದೆ ಎಂದು ಅಳೆಯುವ ಪರೀಕ್ಷೆ ಅದು. ಚುರುಕ್ ಎನ್ನುತ್ತದೆ, ಅಪಾಯವಿಲ್ಲ. ಇಎಂಜಿಯಲ್ಲಿ ತೆಳು ಸೂಜಿಯಿಂದ ಸ್ನಾಯುವನ್ನು ನೋಡುತ್ತಾರೆ, ಎಲ್ಲರಿಗೂ ಬೇಕಾಗುವುದಿಲ್ಲ. ನಿಮ್ಹಾನ್ಸ್‌ನಲ್ಲಿ, ಮೆಡಿಕಲ್ ಕಾಲೇಜುಗಳ ನರರೋಗ ವಿಭಾಗಗಳಲ್ಲಿ, ಖಾಸಗಿ ಕಡೆಯೂ ಮಾಡುತ್ತಾರೆ.

ಆ ದಿನ ಕೈಗೆ ಎಣ್ಣೆ, ಕ್ರೀಮ್ ಹಚ್ಚಬೇಡಿ, ಬಳೆ ಉಂಗುರ ತೆಗೆದಿಡಿ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ತಣ್ಣನೆ ಕೈಯಲ್ಲಿ ನರದ ವೇಗ ತಾನಾಗಿಯೇ ಕುಗ್ಗುತ್ತದೆ. ಏಸಿ ಕೋಣೆಯಲ್ಲಿ ಕಾದು ಕೈ ತಣ್ಣಗಾಗಿದ್ದರೆ ಬೆಚ್ಚಗೆ ಮಾಡಿ ಪರೀಕ್ಷಿಸಿ ಎಂದು ಕೇಳಿ, ಇಲ್ಲವಾದರೆ ಇಲ್ಲದ ಕಾಯಿಲೆ ವರದಿಯಲ್ಲಿ ಕಾಣಬಹುದು. ಸೌಮ್ಯ ಹಂತದಲ್ಲಿ ವರದಿ ಸರಿಯಾಗಿಯೇ ಬರುವುದೂ ಉಂಟು. ಆಗ ನಿಮ್ಮ ನಕ್ಷೆಯೇ ಡಾಕ್ಟರಿಗೆ ಆಧಾರ.

8. ಇಂಜೆಕ್ಷನ್, ಆಪರೇಷನ್, ಆಮೇಲಿನ ಚರ್ಮ

ಟನಲ್ ಬಳಿ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ವಾರಗಳಿಂದ ತಿಂಗಳವರೆಗೆ ಆರಾಮ ಕೊಡುತ್ತದೆ, ಕೆಲವರಿಗೆ ಇನ್ನೂ ಹೆಚ್ಚು ಕಾಲ. ಸಕ್ಕರೆ ಕಾಯಿಲೆ ಇದ್ದವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ, ಅಳತೆ ನೋಡಿಕೊಳ್ಳಿ. ಸೂಜಿ ಚುಚ್ಚಿದ ಜಾಗ ಕೆಲವು ವಾರಗಳ ಬಳಿಕ ಬೆಳ್ಳಗಾಗಿ, ತೆಳುವಾಗಿ ಗುಳಿ ಬೀಳಬಹುದು. ನಮ್ಮ ಮೈಬಣ್ಣಕ್ಕೆ ಇದು ಎದ್ದು ಕಾಣುವುದರಿಂದ ತೊನ್ನು ಎಂದು ಹಲವರು ಗಾಬರಿಯಾಗುತ್ತಾರೆ. ತೊನ್ನಲ್ಲ, ಔಷಧ ಚರ್ಮದ ಪದರಕ್ಕೆ ಸೋರಿದ್ದರ ಪರಿಣಾಮ. ತಿಂಗಳುಗಟ್ಟಲೆ ಇದ್ದು ಹೆಚ್ಚಿನವರಲ್ಲಿ ನಿಧಾನವಾಗಿ ಬಣ್ಣ ಮರಳುತ್ತದೆ.

ಆಪರೇಷನ್‌ನಲ್ಲಿ ಮೇಲಿನ ಗಟ್ಟಿ ಪಟ್ಟಿಯನ್ನು ಕತ್ತರಿಸಿ ಜಾಗ ಬಿಡಿಸುತ್ತಾರೆ. ಸಾಮಾನ್ಯವಾಗಿ ಕೈಯನ್ನಷ್ಟೇ ಮರಗಟ್ಟಿಸಿ ಮಾಡುತ್ತಾರೆ, ಅದೇ ದಿನ ಮನೆಗೆ ಕಳಿಸುತ್ತಾರೆ. ಹೊಲಿಗೆ ಸುಮಾರು 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ಅಂಗೈಯ ಬುಡದ ಎರಡೂ ಬದಿಯ ನೋವು, ಹಿಡಿತದ ಸೋಲು ಕೆಲವು ವಾರಗಳಿಂದ ಮೂರು ತಿಂಗಳವರೆಗೆ ಇರುವುದು ನಿರೀಕ್ಷಿತವೇ.

ಗಾಯದ ಬ್ಯಾಂಡೇಜ್ ಬಿಚ್ಚಿದಾಗ ಚರ್ಮ ಒಣಗಿ ಪದರ ಪದರ ಏಳುವುದು ಸಹಜ, ಗಾಯ ಪೂರ್ತಿ ಮುಚ್ಚಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಗಾಯದ ಕಲೆಯನ್ನು ಮೆಲ್ಲಗೆ ನೀವಿ. ಗಾಯ ಕೆಂಪಾಗಿ ಬಿಸಿಯಾಗಿ ಕೀವು ಒಸರಿದರೆ ಸೋಂಕು. ಗಾಯ ಚೆನ್ನಾಗಿ ಮಾಯುತ್ತಿದ್ದರೂ ಕೈ ಊದಿ, ಚರ್ಮ ಹೊಳಪೇರಿ, ಬಣ್ಣ ಬದಲಾಗುತ್ತಾ, ಒಮ್ಮೆ ವಿಪರೀತ ಬೆವರಿ, ಬಟ್ಟೆ ತಾಗಿದರೂ ಉರಿಯುವಂಥ ನೋವಿದ್ದರೆ ಅದು ಸಿಆರ್‌ಪಿಎಸ್ ಎಂಬ ಬೇರೆಯೇ ತೊಡಕು. ಕೈ ಆಡಿಸದೆ ಕಾಪಾಡಿಕೊಂಡಷ್ಟೂ ಅದು ಬಿಗಿಯುತ್ತದೆ. ಹೊಲಿಗೆ ಬಿಚ್ಚುವ ತಾರೀಖಿಗೆ ಕಾಯದೆ ಆಪರೇಷನ್ ಮಾಡಿದವರಿಗೆ ತೋರಿಸಿ, ಫಿಸಿಯೋಥೆರಪಿ ಬೇಗ ಶುರುಮಾಡಿ.

ರಾತ್ರಿಯ ಜೋಮು ಹೆಚ್ಚಿನವರಿಗೆ ಕೆಲವೇ ದಿನಗಳಲ್ಲಿ ನಿಲ್ಲುತ್ತದೆ. ಬೆರಳ ತುದಿಯ ಸ್ಪರ್ಶ, ಬೆವರು ಮರಳಲು ತಿಂಗಳುಗಳು ಬೇಕು, ಏಕೆಂದರೆ ಹಾನಿಯಾದ ನರದ ಎಳೆ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಬೆಳೆಯುತ್ತದೆ. ಪೂರ್ತಿ ಇಳಿದುಹೋದ ಹೆಬ್ಬೆರಳ ಉಬ್ಬು ಮತ್ತೆ ಮೊದಲಿನಂತೆ ತುಂಬದೆಯೂ ಇರಬಹುದು. ಹತ್ತಿ ಎಳೆ ಎಲ್ಲ ಬೆರಳಲ್ಲೂ ಒಂದೇ ಥರ ತಿಳಿಯುವವರೆಗೆ ಮೇಲಿನ 4ನೇ ಭಾಗದ ಎಚ್ಚರಿಕೆಗಳನ್ನು, ಇಕ್ಕಳ ಸಹಿತ, ಬಿಡಬೇಡಿ.